ಉಣ್ಣೆ ಏಳುವ ದಿನ ಬಲ್ಲ ಅಮ್ಮಯಮ್ಮ

ದೇವನಹಳ್ಳಿಯ ಕೋಟೆಯ ಹೊರಗೆ, ರೈಲು ಹಳಿಗೆ ಹೋಗುವ ದಾರಿಯ ಎಡಕ್ಕೆ, ಹಾಲು ಮಾರುವ ನಜೀಬುಲ್ಲಾ ಸಾಹೇಬರ ಕೊಟ್ಟಿಗೆ. ಮೂಡಲಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಕಂದು ಹಸುವೊಂದರ ಮಗ್ಗುಲಲ್ಲಿ ಕುಕ್ಕರುಗಾಲಿನಲ್ಲಿ ಕೂತ ಹೆಂಗಸೊಬ್ಬಳು ಅದರ ತೊಡೆಸಂದಿಯಲ್ಲಿ ಬೆರಳಾಡಿಸುತ್ತಿದ್ದಾಳೆ. ಕತ್ತಲಲ್ಲಿ ಕಣ್ಣಿಗೆ ಕೆಲಸವಿಲ್ಲವಾದ್ದರಿಂದ ಅದನ್ನು ಮುಚ್ಚಿಕೊಂಡೇ ಇದ್ದಾಳೆ. ಬೆರಳಿಗೆ ಏನೋ ತಗಲುತ್ತದೆ. ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ತಿರುಚಿ, ರಕ್ತ ಕುಡಿದು ಹರಳುಬೀಜದಷ್ಟು ಊದಿದ ಉಣ್ಣೆಯೊಂದನ್ನು ತೆಗೆದು ಬೂದಿ ತುಂಬಿದ ತೆಂಗಿನ ಚಿಪ್ಪಿಗೆ ಹಾಕುತ್ತಾಳೆ. ಕಚ್ಚಿದ ಜಾಗಕ್ಕೆ ಹೊಂಗೆ ಎಣ್ಣೆ ಸವರುತ್ತಾಳೆ. ಹಸು ಮೆಲುಕು ಹಾಕುವುದನ್ನು ನಿಲ್ಲಿಸುವುದಿಲ್ಲ.

"ಎಳೆದ್ರೆ ಅದ್ರ ಬಾಯಿ ಒಳಗೇ ಉಳ್ಕೊಂಡು ಹುಣ್ಣಾಗ್ತದೆ ಸ್ವಾಮಿ," ಎನ್ನುತ್ತಾಳೆ. "ತಿರುಚ್ಬೇಕು. ಹಸೂಗೆ ಗೊತ್ತಾಗ್ಬಾರ್ದು, ಉಣ್ಣೆಗೂ ಗೊತ್ತಾಗ್ಬಾರ್ದು."

ಈಕೆಯನ್ನು ಅಮ್ಮಯಮ್ಮ ಎಂದು ಕರೆಯೋಣ. ನಿಜವಾದ ಹೆಸರನ್ನೂ ಊರಿನ ಹೆಸರನ್ನೂ ಬರೆಯಬಾರದೆಂದು ಆಕೆ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಊರಿನವರ ಹೆಸರುಗಳನ್ನೂ ಬದಲಿಸಿದ್ದೇನೆ. ವಯಸ್ಸು ಐವತ್ತು ದಾಟಿರಬೇಕು. ಎರಡೂವರೆ ಮೈಲಿ ದೂರದ ಹಳ್ಳಿಯಿಂದ ಮೊದಲ ಕೋಳಿ ಕೂಗಿಗೆ ಎದ್ದು, ಇಬ್ಬನಿಯಲ್ಲಿ ನಡೆದು ಬಂದು, ಹಾಲು ಕರೆಯುವ ಹೊತ್ತಿಗೆ ಹದಿನೆಂಟು ದನಗಳ ಮೈ ನೋಡಿ ಮುಗಿಸುತ್ತಾಳೆ. ಈ ಮಾಘ ಮಾಸದಲ್ಲಿ ದಿನಕ್ಕೆ ನಲವತ್ತು ಐವತ್ತು ಉಣ್ಣೆ ಸಿಗುತ್ತವೆ. ಕೆಟ್ಟ ವರ್ಷದಲ್ಲಿ ಒಂದೇ ಹಸುವಿನ ಮೈಯಿಂದ ಮುನ್ನೂರು ತೆಗೆದದ್ದುಂಟಂತೆ. ಕೂಲಿಯೆಂದು ಸಾಹೇಬರು ರಾಗಿ ಕೊಡುತ್ತಾರೆ, ಹೊರಡುವಾಗ ಒಂದು ಚೊಂಬು ಮಜ್ಜಿಗೆ.

ಆಕೆಯ ಗಂಡ ಪಿಳ್ಳಪ್ಪ ಇಪ್ಪತ್ತಾರು ವರ್ಷ ಆ ಹಳ್ಳಿಯ ದನ ಕಾಯ್ದವನು. ಮಕ್ಕಳಾಗಲಿಲ್ಲ. ಮನೆಯಲ್ಲಿ ಒಬ್ಬಳೇ ಕೂತು ಮಾಡುವುದೇನೆಂದು ಆಕೆಯೂ ಮಂದೆಯ ಹಿಂದೆ ಹೋಗುತ್ತಿದ್ದಳು. ಬಿಸಿಲೇರಿದಾಗ ದನಗಳು ಊರ ಗುಂಡುತೋಪಿನ ಹೊಂಗೆ, ಹುಣಸೆ ಮರಗಳ ಕೆಳಗೆ ಮಲಗುತ್ತಿದ್ದವು. ಗಂಡ ಕಣ್ಣು ಮುಚ್ಚಿದರೆ ಈಕೆ ದನಗಳ ಕಿವಿ, ಕತ್ತಿನ ಕೆಳಗಿನ ಗಂಗೆದೊಗಲು, ಬಾಲದ ಬುಡ ನೋಡುತ್ತಿದ್ದಳು. ಹಾಗೆ ನೋಡುತ್ತಾ ನೋಡುತ್ತಾ, ಮಾಗಿಯ ಚಳಿಗೂ ಮುಂದೆ ಏಳುವ ಉಣ್ಣೆಗೂ ಇರುವ ನಂಟು ಆಕೆಗೆ ತಿಳಿಯಿತು. ಯಾರೂ ಹೇಳಿಕೊಟ್ಟದ್ದಲ್ಲ.

"ಚಳಿ ಜಾಸ್ತಿ ಬಿದ್ರೆ ಉಣ್ಣೆ ಸಾಯ್ತವೆ ಅಂತಾರೆ ಎಲ್ರೂವೆ. ಚಳೀಗೆ ಸಾಯಾಕಿಲ್ಲ, ಮಲಗ್ತವೆ. ಉದುರಿದ ಎಲೆ ಕೆಳಗೆ ಬೆಚ್ಚಗೆ ಮಲಗ್ತವೆ. ಮೇಲೆ ಇಬ್ನಿ ಬಿದ್ದು ಎಲೆ ಹಸಿಯಾಗಿದ್ರೆ ಒಂದೂ ಸಾಯಾಕಿಲ್ಲ. ಅವನ್ನ ಸಾಯಿಸೋದು ಒಣಗಾಳಿ. ಇಬ್ನಿ ಇಲ್ದೆ ಗಾಳಿ ಬೀಸಿದ ಮಾಗೀಲಿ ಸುರುಟ್ಕೊಂಡು ಹೋಗ್ತವೆ. ಇಬ್ನಿ ಸುರ್ದ ಮಾಗಿ ಆದ್ರೆ, ನಾಕು ದಿನ ಬಿಸ್ಲು ಕಾದ್ರೆ ಸಾಕು, ಎಲ್ಲಾ ಒಂದೇ ಸಲ ಏಳ್ತವೆ."

ಕಳೆದ ಮಹಾಯುದ್ಧದ ಮೂರನೆಯ ವರ್ಷ ಪಿಳ್ಳಪ್ಪ ಚಳಿಜ್ವರದಲ್ಲಿ ತೀರಿಕೊಂಡ. ಆಮೇಲೂ ಊರಿನವರು ಕರೆದರೆ ಆಕೆ ಕೊಟ್ಟಿಗೆಗಳಿಗೆ ಹೋಗಿ ದನಗಳ ಮೈ ನೋಡಿಕೊಡುತ್ತಿದ್ದಳು. ಯುದ್ಧ ಮುಗಿದ ಪಾರ್ಥಿವ ಸಂವತ್ಸರದ ಮಾಗಿ ಬರುವವರೆಗೆ ಹಾಗೆಯೇ ನಡೆಯಿತು.

ಆ ಮಾಗಿಯಲ್ಲಿ ಚಳಿಯೂ ಹೆಚ್ಚು, ಇಬ್ಬನಿಯೂ ಹೆಚ್ಚು. ಈ ಸಲ ಉಣ್ಣೆಯ ಕಾಟವಿಲ್ಲವೆಂದು ಊರು ನೆಮ್ಮದಿಯಾಗಿತ್ತು. ಅಮ್ಮಯಮ್ಮ ಅರಳಿಕಟ್ಟೆಯ ಮುಂದೆ ನಿಂತು, ದನಗಳನ್ನು ತೋಪಿಗೆ ಬಿಡಬೇಡಿ, ಶಿವರಾತ್ರಿಯೊಳಗೆ ಉಣ್ಣೆ ಏಳುತ್ತವೆ, ದನ ಸಾಯುತ್ತವೆ ಎಂದು ಹೇಳಿದಳು. ಗಂಡಸರು ನಕ್ಕರು. ಹದಿನೈದು ದಿನವೂ ಆಗಲಿಲ್ಲ, ದನಗಳ ಮೈಯೆಲ್ಲ ಕಂದು ಚುಕ್ಕೆ. ಅವು ಮೇವು ಬಿಟ್ಟವು, ಜ್ವರ ಹತ್ತಿತು, ಕೆಂಪಗೆ ಉಚ್ಚೆ ಹೊಯ್ದವು. ಹನ್ನೊಂದು ಮಲಗಿದವು, ಏಳು ಸತ್ತವು. ಅದರಲ್ಲಿ ಎರಡು ಊರ ಯಜಮಾನ ವೆಂಕಟರಾಮಪ್ಪನವರ ಜೋಡಿ ಎತ್ತು.

ಆಕೆಯ ಮಾತು ನಿಜವಾಯಿತು. ಅದೇ ಆಕೆಗೆ ಮುಳುವಾಯಿತು. ಸಾಯುತ್ತವೆ ಅಂದಳು, ಸತ್ತವು, ಕರಿನಾಲಿಗೆ ಎಂದರು. ವೆಂಕಟರಾಮಪ್ಪನವರು ಅವಳ ಮನೆಯ ಮುಂದೆ ನಿಂತು ಹೇಳಿದ ಮಾತನ್ನು ಆಕೆ ಹಾಗೆಯೇ ಒಪ್ಪಿಸುತ್ತಾಳೆ: "ನೀನು ನಮ್ಮ ಕೊಟ್ಟಿಗೆ ಹೊಸ್ತಿಲು ತುಳೀಬ್ಯಾಡ. ಊರಲ್ಲಿ ಯಾರ ದನದ ಮೈನೂ ಮುಟ್ಬ್ಯಾಡ." ಅಂದಿನಿಂದ ಯಾರೂ ಕರೆಯಲಿಲ್ಲ. ಬಾವಿಯ ಬಳಿ ಆಕೆ ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಸರಿಯುತ್ತಾರೆ. ಎದುರಿಗೆ ಕರು ಬಂದರೆ ಅದರ ಮುಖವನ್ನು ಆಚೆ ತಿರುಗಿಸುತ್ತಾರೆ. ಬಯ್ಯುವವರಿಲ್ಲ, ಹೊಡೆಯುವವರಿಲ್ಲ. ಮಾತನಾಡುವವರೂ ಇಲ್ಲ.

"ಒಂದೊಂದ್ ದಿನ ಸಾಯಂಕಾಲ ಆಗೋವಷ್ಟ್ರಲ್ಲಿ, ನನ್ ದನಿ ನಂಗೇ ಮರ್ತೋಗಿರ್ತದೆ," ಎಂದು ಹೇಳಿ ಮುಂದಿನ ಹಸುವಿನ ಕಡೆ ಸರಿಯುತ್ತಾಳೆ.

ಊರಿಗೆ ಹಾಲು ಕೊಳ್ಳಲು ಹೋದ ನಜೀಬುಲ್ಲಾ ಸಾಹೇಬರು ಈ ಕತೆಯನ್ನು ಕೇಳಿ, ಹಾಗೆ ಮುಂಚಿತವಾಗಿ ಹೇಳಬಲ್ಲವಳು ತಮ್ಮ ಕೊಟ್ಟಿಗೆಗೆ ಬೇಕೇ ಬೇಕು ಎಂದುಕೊಂಡರಂತೆ. "ಆಯಮ್ಮ ಬಂದಾಗಿಂದ ನಂದು ಒಂದು ಕರಾನೂ ಹೋಗಿಲ್ಲ ಸಾಮಿ," ಎನ್ನುತ್ತಾರೆ. ಬೆಂಗಳೂರಿನ ನನ್ನ ಸ್ನೇಹಿತರೊಬ್ಬರಿಗೆ ಹೇಳಿ, ಪತ್ರಿಕೆಗೆ ಬರೆಯುವ ನನ್ನನ್ನು ಇಲ್ಲಿಗೆ ಬರುವಂತೆ ಮಾಡಿದವರೂ ಅವರೇ.

ಕೆಲಸ ಮುಗಿದ ಮೇಲೆ ನಾನು ಆಕೆಯ ಜೊತೆಯಲ್ಲಿ ಹಳ್ಳಿಯತ್ತ ನಡೆಯುತ್ತೇನೆ. ದಾರಿಯಲ್ಲಿ ಈ ವರ್ಷದ ಸಂಗತಿ ಬಾಯಿಗೆ ಬರುತ್ತದೆ. ಇದನ್ನು ಆಕೆ ಸಾಹೇಬರಿಗೂ ಹೇಳಿಲ್ಲ.

ಈ ಪುಷ್ಯದಲ್ಲಿ ಮತ್ತೆ ಅದೇ ಇಬ್ಬನಿ ಸುರಿಯಿತು. ಆಕೆ ತೋಪಿಗೆ ಹೋಗಿ ಎಲೆಯ ರಾಶಿಯೊಳಗೆ ಕೈ ತೂರಿಸಿ ನೋಡಿದಳು. ಕೆಳಗೆ ಒದ್ದೆ, ಬೆಚ್ಚಗೆ. ಹೊರಗೆ ತೆಗೆದ ಅಂಗೈಯಲ್ಲಿ ಸಾಸಿವೆಗಿಂತ ಸಣ್ಣ ಮರಿಗಳು ಅಲ್ಲಾಡದೆ ಕೂತಿದ್ದವು. ಹೇಳಿದರೆ ಯಾರೂ ಕೇಳುವುದಿಲ್ಲ. ಕೇಳದೆ ದನ ಸತ್ತರೆ ತನ್ನನ್ನು ಊರಿನಿಂದಲೇ ಓಡಿಸುತ್ತಾರೆ. ಹೇಳದೆ ಇದ್ದರೂ ದನಗಳು ಸಾಯುತ್ತವೆ. ಮೂರು ದಿನ ಇದನ್ನೇ ಲೆಕ್ಕ ಹಾಕಿದಳು.

ನಾಲ್ಕನೆಯ ದಿನ ಪೊರಕೆ, ಮಂಕರಿ ಹಿಡಿದು ತೋಪಿಗೆ ಹೋದಳು. ಒಂದು ಕಡೆಯಿಂದ ಎಲೆ ಗುಡಿಸಿ, ಮಂಕರಿಗೆ ತುಂಬಿ, ಹೊತ್ತು, ಆಚೆ ಒಣಗಿದ ಕುಂಟೆಯೊಳಗೆ ಸುರಿದು, ಊರು ಮಲಗಿದ ಮೇಲೆ ಬೆಂಕಿ ಕೊಟ್ಟಳು. ಬೆಳಗ್ಗೆ ಸಾಹೇಬರ ಕೊಟ್ಟಿಗೆ, ಮಧ್ಯಾಹ್ನದ ಮೇಲೆ ತೋಪು. ಹೀಗೆ ಇಪ್ಪತ್ತಮೂರು ದಿನ. ಮುದುಕಿ ಒಲೆಗೆ ತರಗು ಕೂಡಿಸುತ್ತಿದ್ದಾಳೆಂದು ಊರಿನವರು ತಿಳಿದರು. ಉಣ್ಣೆಯ ಮರಿಗಳು ಕಾಲು ಹತ್ತಿ ಕಚ್ಚಿದ ಗುರುತುಗಳು ಮೊಣಕಾಲಿನವರೆಗೆ ಇನ್ನೂ ಕಪ್ಪಗಿವೆ. ನಡುವೆ ನಾಲ್ಕು ದಿನ ಜ್ವರ ಬಂತು. ಗಡಿಗೆಯಲ್ಲಿದ್ದ ನೀರು ಮುಗಿದ ಮೇಲೆ ತೆವಳಿಕೊಂಡು ಹೋಗಿ ಹಿತ್ತಲ ಕಲ್ಲುಬಾನಿಯ ನೀರು ಕುಡಿದಳಂತೆ. ಐದನೆಯ ದಿನ ಮತ್ತೆ ಪೊರಕೆ ಹಿಡಿದಳು.

ತೋಪು ನೋಡಿದೆ. ನೆಲ ಬರಿದಾಗಿ, ಬಿಸಿಲು ಬಿದ್ದು, ಕಣದಂತೆ ಒಣಗಿದೆ. ಬಿಸಿಲು ಏರಿ ಎರಡು ವಾರವಾದರೂ ಊರಿನ ಒಂದು ದನವೂ ಮಲಗಿಲ್ಲ.

ಅಮ್ಮಯಮ್ಮ ಊರ ಅಂಚಿನಲ್ಲೇ ಉಳಿದಳು. ನಾನೊಬ್ಬನೇ ಒಳಗೆ ಹೋಗಿ ವೆಂಕಟರಾಮಪ್ಪನವರನ್ನು ಕಂಡೆ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು ಉಪಚರಿಸಿದರು. ದನಕರು ಹೇಗಿವೆ ಎಂದು ಕೇಳಿದೆ. "ಈ ಸಲ ದೇವರು ಕಣ್ಬಿಟ್ಟ," ಎಂದರು. "ಚಳಿ ಚೆನ್ನಾಗ್ ಬಿತ್ತು ನೋಡಿ, ಉಣ್ಣೆ ಎಲ್ಲಾ ಸತ್ತೋದ್ವು." ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದು ಬಂದೆ.

ಆಕೆಯ ಗುಡಿಸಲು ಊರ ಕೊನೆಯಲ್ಲಿ, ಮಂದೆ ಹೋಗಿಬರುವ ಓಣಿಯ ಪಕ್ಕದಲ್ಲಿದೆ. ಯಜಮಾನರು ಹೇಳಿದ್ದನ್ನು ತಿಳಿಸಿ, ಯಾಕೆ ಸುಮ್ಮನಿದ್ದೀಯ, ನಾನಾದರೂ ಹೇಳಲೇ ಎಂದು ಕೇಳುತ್ತೇನೆ. ತಲೆ ಅಲ್ಲಾಡಿಸುತ್ತಾಳೆ.

"ಬ್ಯಾಡಿ ಸ್ವಾಮಿ. ಹೇಳಿದ್ರೆ ಅವ್ರಿಗೆ ನನ್ ನಾಲ್ಗೆ ನೆನಪಾಗ್ತದೆ. ಮುಂದಿನ ವರ್ಷ ಗುಡಿಸಾಕೂ ಬಿಡಾಕಿಲ್ಲ." ಆಮೇಲೆ, ತನಗೊಂದು ಆಸೆಯಿದೆ ಎನ್ನುತ್ತಾಳೆ. ಯಾವತ್ತಾದರೂ ಮಾಗಿಯಲ್ಲಿ ಊರಿನವರೊಬ್ಬರು ಬಾಗಿಲಿಗೆ ಬಂದು, ಈ ವರ್ಷ ಹೇಗಿದೆ ಅಮ್ಮಯಮ್ಮಾ ಎಂದು ಕೇಳಬೇಕಂತೆ. ಅಷ್ಟೇ.

ಹೊತ್ತು ಇಳಿಯುತ್ತಿದೆ. ಓಣಿಯಲ್ಲಿ ಧೂಳು ಎದ್ದು ಮಂದೆ ಬರುತ್ತಿದೆ. ಆಕೆ ಎದ್ದು ಬಾಗಿಲ ಹಿಂದೆ ಸರಿದು, ಯಾರಿಗೂ ಕಾಣದಂತೆ ಸಂದಿಯಿಂದ ನೋಡುತ್ತಾಳೆ. ಎಣಿಸುವವಳಂತೆ ತುಟಿ ಅಲ್ಲಾಡುತ್ತಿದೆ. ಕೊನೆಯ ಕರು ಹಾದುಹೋದ ಮೇಲೆ ನನ್ನ ಕಡೆ ತಿರುಗುತ್ತಾಳೆ.

"ದೀಪಾವಳೀಲಿ ನೂರಾ ನಲವತ್ತೊಂದಿದ್ವು. ಇವತ್ತು ನೂರಾ ನಲವತ್ನಾಕು."