ನಾಲ್ಕು ಗಂಟೆಯ ಕಿಚ್ಚು

ಕೆಸರೆಯ ಕೆಂಚಮ್ಮನನ್ನು ನೀವು ನೋಡಿರಲಾರಿರಿ. ಅವಳು ತಂದ ಹಾಲು ಕುಡಿದು ಬೆಳೆದವರು ಮಾತ್ರ ಈ ಊರಿನಲ್ಲಿ ಇನ್ನೂ ಇದ್ದಾರೆ. ಬೆಳಗಾಗುವುದರೊಳಗೆ ಹಾಲು ಹೊತ್ತು ಒಂಟಿಕೊಪ್ಪಲಿನವರೆಗೆ ನಡೆದು ಬರುತ್ತಿದ್ದಳು. ಅಳೆದು ಸುರಿದ ಮೇಲೆ ಒಂದು ಗುಟುಕು ಹೆಚ್ಚಿಗೆ ಹಾಕಿ, "ಇದು ನಮ್ಮ ಪುಟ್ಟಿ ಕೊಟ್ಟಿದ್ದು, ನಂದಲ್ಲ" ಎನ್ನುವಳು. ಪುಟ್ಟಿ ಅವಳ ಹಸು. ಅದರ ಎಡಗೊಂಬು ಕಿವಿಯ ಮೇಲಕ್ಕೆ ಬಾಗಿತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಎಂದರೆ ಅದೇ.

ಮೊದಲು ಪುಟ್ಟಿಯ ತಾಯಿ ಇತ್ತು. ಸಂಕ್ರಾಂತಿಯ ಸಂಜೆ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ, ಬೆಂಕಿ ಕೊಟ್ಟು, ದನಗಳನ್ನು ಅದರ ಮೇಲೆ ಹಾರಿಸುತ್ತಾರಲ್ಲ, ಕಿಚ್ಚು ಹಾಯಿಸುವುದು ಅಂತ? ಒಂದು ವರ್ಷ ಕೆಂಚಮ್ಮ ಜ್ವರದಲ್ಲಿ ಮಲಗಿಬಿಟ್ಟಳು, ಹಸು ಕಟ್ಟಿದಲ್ಲೇ ಉಳಿಯಿತು. ಯುಗಾದಿಗೆ ಮುಂಚೆ ಕಾಲುಬಾಯಿ ಜ್ವರ ಬಂದು ಸತ್ತಿತು. ಕಿಚ್ಚು ಹಾಯದ್ದರಿಂದಲೇ ಸತ್ತಿತು ಎಂದು ಅವಳು ಎಂದೂ ಹೇಳಲಿಲ್ಲ. "ಕಿಚ್ಚು ಆಯ್ಸನಿಲ್ಲ. ಓಯ್ತು" ಎನ್ನುವಳು, ಅಷ್ಟೇ. ಎಳೆಯದೆಂದು ಬಿಟ್ಟಿದ್ದ ಪುಟ್ಟಿ ಅರವತ್ತೆರಡರ ಸಂಕ್ರಾಂತಿಗೆ ಮೊದಲ ಸಲ ಕಿಚ್ಚು ಹಾಯಬೇಕಿತ್ತು.

ಕೆಂಚಮ್ಮ ಮಲಗಿದ್ದ ಆ ಜ್ವರದಲ್ಲಿ ದಿನಾ ಗಂಜಿ ಕಳಿಸಿದ್ದವರು ಒಂಟಿಕೊಪ್ಪಲಿನ ಪಾರ್ವತಮ್ಮ, ಮೇಷ್ಟರ ಹೆಂಡತಿ. ಅವರ ಮಗ ಶಾಮಣ್ಣ ಕಾಲೇಜಿನಲ್ಲಿ ಓದುತ್ತಿದ್ದ. ಹಬ್ಬದ ಮೇಲೊಂದು ಚಿತ್ರ ತೆಗೆಯಬೇಕೆಂದು ಮಾವನಿಂದ ಒಂದು ಸಿನಿಮಾ ಕ್ಯಾಮೆರಾ ತಂದಿದ್ದ. ಗಡಿಯಾರದ ಹಾಗೆ ಕೀ ಕೊಟ್ಟರೆ ಕರ್ರ್ ಎಂದು ಓಡುವಂಥದ್ದು. ಇದ್ದದ್ದು ಒಂದೇ ರೀಲು, ಮೂರು ನಿಮಿಷದ್ದು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹಾಲಿನ ಹೊತ್ತಿಗೆ ಹಿತ್ತಿಲ ಬಾಗಿಲಿಗೆ ಬಂದು ಕೇಳಿದ: "ಕೆಂಚಮ್ಮ, ನಾಳೆ ಕಿಚ್ಚು ನಾಲ್ಕು ಗಂಟೆಗೇ ಹಾಯಿಸಬಹುದಾ? ಬಿಸಿಲು ಹೋದ್ರೆ ಫಿಲ್ಮಿಗೆ ಏನೂ ಬೀಳಲ್ಲ."

"ನಾಕು ಗಂಟೆಗಾ? ದನ ಇನ್ನೂ ಕೆರೆಯಿಂದ ಬಂದಿರಾಕಿಲ್ಲ ಸಾಮಿ. ಜನ ನಗ್ತಾರೆ."

ಒಳಗಿನಿಂದ ಪಾರ್ವತಮ್ಮ, "ಇವನ ಕಾಟ ತಡೆಯೋಕಾಗ್ತಿಲ್ಲ ಕಣೆ, ಏನಾದ್ರೂ ಮಾಡು" ಎಂದರು. ಕೆಂಚಮ್ಮನಿಗೆ ಗಂಜಿ ನೆನಪಾಯಿತು. "ಆಗ್ಲಿ" ಎಂದಳು. ಹಾಗೆಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಯಾಕಾದರೂ ಅಂದೆನೋ ಅಂದುಕೊಂಡಳು.

ಹಬ್ಬದ ಬೆಳಿಗ್ಗೆ ಶಾಮಣ್ಣನೂ ಅವನ ಗೆಳೆಯ ದೇವರಾಜುವೂ ಎಳ್ಳುಬೆಲ್ಲ ಬೀರುವವರನ್ನು ಹಿಡಿಯಲು ಹೊರಟರು. ಕ್ಯಾಮೆರಾ ಕಂಡದ್ದೇ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಕಂಬದಂತೆ ನಿಂತರು.

"ಅಮ್ಮ, ಸ್ವಲ್ಪ ನಡೀರಿ" ಎಂದ ದೇವರಾಜು.

"ನಡೆದ್ರೆ ಪಟ ಕೆಡಲ್ವೇನಪ್ಪ?"

ಹೀಗೆ ಎರಡು ನಿಮಿಷದ ರೀಲು ಕಂಬಗಳಿಗೇ ಮುಗಿಯಿತು. ಉಳಿದದ್ದು ಕಿಚ್ಚಿಗೆ ಒಂದು ನಿಮಿಷ.

ನಾಲ್ಕು ಗಂಟೆಗೆ ಕೆಂಚಮ್ಮ ಮನೆಯ ಮುಂದೆ ಹುಲ್ಲು ಹರಡಿ ಬೆಂಕಿ ಕೊಟ್ಟಳು. ಕ್ಯಾಮೆರಾಕ್ಕೆ ಕಣ್ಣಿಟ್ಟ ಶಾಮಣ್ಣ ತಲೆ ಎತ್ತಿದ.

"ಬೆಂಕಿ ಎಲ್ಲೋ?"

"ಉರೀತಾ ಇದೆಯಲ್ಲೋ!" ಎಂದ ದೇವರಾಜು.

"ಕಾಣ್ತಾನೇ ಇಲ್ಲ. ಬರೀ ಹೊಗೆ."

ನಿಜವೇ. ಆ ಬಿಸಿಲಿನಲ್ಲಿ ಉರಿ ಬೆಳಕಿನೊಳಗೇ ಕರಗಿಹೋಗಿತ್ತು. ಇನ್ನಷ್ಟು ಹುಲ್ಲು ಹಾಕಿದರು. ಹಸುವಿನ ಮೈ ಹಿನ್ನೆಲೆಗೆ ಬಂದರೆ ಉರಿಯೂ ಕಾಣಬಹುದೆಂದು ಶಾಮಣ್ಣ ಬೆಂಕಿಯ ಆಚೆ, ನೇರ ಎದುರಿಗೆ ಮಂಡಿಯೂರಿ ಕೀ ಕೊಟ್ಟ. ಕರ್ರ್ ಎಂದದ್ದೇ ತಡ, ಪುಟ್ಟಿ ಮುಂಗಾಲು ನೆಲಕ್ಕೆ ಒತ್ತಿ ನಿಂತುಬಿಟ್ಟಿತು. ಕಣ್ಣಿನ ಬಿಳಿ ಕಾಣುತ್ತಿತ್ತು.

"ಇನ್ನೊಂದೇ ಸಲ ಕೆಂಚಮ್ಮ."

ಕೆಂಚಮ್ಮ ಹಸುವಿನ ಹಣೆಗೆ ಕೈ ಇಟ್ಟಳು. "ಬ್ಯಾಡ ಸಾಮಣ್ಣೋರೆ. ನಿಮ್ಮವ್ವಾರು ಕೇಳಿದ್ರೆ ನನ್ನ ಜೀವ ಕೊಟ್ಟೇನು. ಇದರದು ಕೊಡಾಕೆ ನಾನ್ಯಾರು?"

ಅಷ್ಟು ಹೇಳಿ ಹಸುವನ್ನು ಹಿಂದಕ್ಕೆ ನಡೆಸಿದಳು. ಒಂದು ಸಲ ಬೆದರಿದ ದನ ಮತ್ತೆ ಬೆಂಕಿಗೆ ಮುಖ ಕೊಡುವುದು ಕಷ್ಟ. ಹೊತ್ತಲ್ಲದ ಹೊತ್ತಿನಲ್ಲಿ ಬೆಂಕಿ ಹಚ್ಚಿ ಕೆಡಿಸಿದವಳು ತಾನೇ.

ಹೊತ್ತು ಮುಳುಗಿತು. ಕೇರಿಯ ದನಗಳೆಲ್ಲ ಅರಿಶಿನ ಬಳಿಸಿಕೊಂಡು ಸಾಲಾಗಿ ಬಂದವು. ಈಗ ಕ್ಯಾಮೆರಾದಲ್ಲಿ ಉರಿ ಆಳೆತ್ತರ ಕಂಡಿತು, ಆದರೆ ದನ ಕಾಣಲಿಲ್ಲ, ಮುಖ ಕಾಣಲಿಲ್ಲ. ಇದ್ದ ಒಂದು ಚೂರು ಫಿಲ್ಮು ಹಿಡಿದು ಶಾಮಣ್ಣ ಮತ್ತೆ ಎದುರಿಗೇ ಕೂತ. ದನದ ಮುಖಕ್ಕೆ ಉರಿಯ ಬೆಳಕು ಬೀಳುವುದು ಕಾಣುವ ಜಾಗ ಅದೊಂದೇ. ಎಲ್ಲ ದನವೂ ಹಾರಿದ ಮೇಲೆ ಪುಟ್ಟಿ ಬಂತು. ಉರಿಯಾಚೆಗಿದ್ದ ಅವನನ್ನು ನೋಡಿತು, ನಿಂತಿತು.

"ಸಾಮಣ್ಣೋರೇ, ಎದ್ದು ಪಕ್ಕಕ್ಕೆ ಓಗಿ!" ಕೆಂಚಮ್ಮ ಕೂಗಿದಳು.

ಶಾಮಣ್ಣ ಒಂದು ಗಳಿಗೆ ಹಾಗೇ ಇದ್ದ. ಆಮೇಲೆ ಓಡುತ್ತಿದ್ದ ಕ್ಯಾಮೆರಾ ಹಿಡಿದುಕೊಂಡೇ ಎದ್ದು ಬೇಲಿಯ ಕತ್ತಲಿಗೆ ಸರಿದ. ಕೆಂಚಮ್ಮ ಸೀರೆ ಎತ್ತಿ ಕಟ್ಟಿ, ಹಗ್ಗ ಬಿಗಿಹಿಡಿದು, "ಬಾ ನನ್ನವ್ವ" ಎಂದು ತಾನೇ ಮುಂದಾಗಿ ಓಡಿದಳು.

ರೀಲು ಬೊಂಬಾಯಿಯಲ್ಲಿ ತೊಳೆದು ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಮೇಷ್ಟರ ನಡುಮನೆಯಲ್ಲಿ ಬಾಗಿಲು ಮುಚ್ಚಿ, ಬಿಳಿ ಪಂಚೆ ಕಟ್ಟಿದರು. ಕೆಂಚಮ್ಮ ಎಂದಿನಂತೆ ಹಿತ್ತಿಲ ಹೊಸಿಲಾಚೆ ನಿಂತಿದ್ದಳು. "ಅಲ್ಲಿಂದ ಏನು ಕಾಣುತ್ತೆ, ಒಳಗೆ ಬಾರೆ" ಎಂದರು ಪಾರ್ವತಮ್ಮ. ಬಂದು ಗೋಡೆಗೊರಗಿ ಕೂತಳು.

ಪಂಚೆಯ ಮೇಲೆ ಕಂಬದಂಥ ಹೆಂಗಸರು ಬಂದರು, ಎಲ್ಲರೂ ನಕ್ಕರು. ಒಂದು ಕ್ಷಣ ಬರೀ ಹೊಗೆ, ಆಮೇಲೆ ಪೂರ್ತಿ ಕಪ್ಪು. ಅದರಲ್ಲಿ ಒಂದು ಉರಿಯ ಗೆರೆ, ಅದನ್ನು ದಾಟಿಹೋದ ಎರಡು ಕರಿ ನೆರಳು. ಒಂದರ ಕೊಂಬು ಬಾಗಿತ್ತು. ಮತ್ತೆ ಕಪ್ಪು.

"ಏನೂ ಬಿದ್ದೇ ಇಲ್ಲ" ಎಂದ ಶಾಮಣ್ಣ.

"ಅವತ್ತು ನಂಗೂ ಅಷ್ಟೇಯ ಕಂಡಿದ್ದು ಸಾಮಿ," ಎಂದಳು ಕೆಂಚಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅದರ ಹಿಂಗಾಲು ಆಚೆಗೆ ಬಿದ್ದಿದ್ದ ಕಂಡ್ರಾ? ಇನ್ನೊಂದ್ ದಪ ಆಕಿ, ನೋಡ್ತೀನಿ."