ಹಂಸವೇಣಿಯ ಹಕಾರ

ಅರ್ಜಿ ತುಂಬುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಸೂಚನೆಗಳನ್ನು ಮೂರು ಸಲ ಓದಬೇಕು, ಆಮೇಲೆಯೇ ಪೆನ್ನಿನ ಮುಚ್ಚಳ ತೆಗೆಯಬೇಕು. ಹುಣಸೂರಿನಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿ ನಾನು ಕಲಿಸಿದ್ದು ಇದನ್ನು, ಮತ್ತೆ ಹಕಾರವನ್ನು. ನಮ್ಮ ಕಡೆ ಅದು ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಹಳಗನ್ನಡದ ಪಾಲು ಹಾಲಾದದ್ದನ್ನು ಪಂಡಿತರು ಭಾಷೆಯ ಬೆಳವಣಿಗೆ ಎನ್ನುತ್ತಾರೆ. ಹಾಲು ಆಲಾದರೆ ಮಾತ್ರ ನಾನು ಬೆತ್ತ ಹಿಡಿಯುತ್ತಿದ್ದೆ.

ಎಚ್.ಡಿ. ಕೋಟೆ ಕಡೆಗೆ ಕೊಟ್ಟ ನನ್ನ ತಂಗಿಯ ಮಗಳು ಹಂಸವೇಣಿ ಪಿ.ಯು.ಸಿ. ಮುಗಿಸಿದವಳೇ ಲಾಯರಾಗುತ್ತೇನೆಂದು ಹಟ ಹಿಡಿದಳು. ಬಿ.ಎ., ಎಲ್‌ಎಲ್.ಬಿ. ಎರಡನ್ನೂ ಕೂಡಿಸಿ ಐದು ವರ್ಷಕ್ಕೆ ಕೊಡುವ ಕೋರ್ಸು, ಮೈಸೂರಿನಲ್ಲಿ. ಅವಳಪ್ಪ ಷರತ್ತು ಹಾಕಿದ. "ಒಂದೇ ಸಲ ಅರ್ಜಿ ಆಕು. ಸಿಕ್ನಿಲ್ವಾ, ಸುಮ್ಕೆ ಟೀಚರ್ ಟ್ರೈನಿಂಗ್‌ಗೆ ಓಗು. ನಿಮ್ಮಾವನಂಗೆ ಮೇಷ್ಟ್ರಾಗು." ನನ್ನಂತಾಗುವ ಮಾತು ಕೇಳಿದ್ದೇ ಹುಡುಗಿಯ ಕಣ್ಣಲ್ಲಿ ನೀರು. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ ಪೆನ್ನಿಗೆ ಶಾಯಿ ತುಂಬಿದೆ.

ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಒಂದು ಚೌಕಕ್ಕೆ ಒಂದರಂತೆ, ಎಚ್‌ನಿಂದ ಶುರುಮಾಡಿ ಮುತ್ತಿನಂತೆ ಬರೆದೆ. ಅಂಕಪಟ್ಟಿ ಪಕ್ಕದಲ್ಲೇ ಇತ್ತು. ನಾನೇ ಇಟ್ಟ ಹೆಸರಿಗೆ ಅಂಕಪಟ್ಟಿ ನೋಡುವುದೇಕೆ? ಲಕೋಟೆಗೆ ಸೇರಿಸುವಾಗ ಕಣ್ಣಿಗೆ ಬಿತ್ತು: ಅಂಸವೇಣಿ! ಒಂದನೇ ತರಗತಿಗೆ ಸೇರಿಸುವಾಗ ಅವಳಪ್ಪ ಹೇಳಿದ್ದನ್ನು ಯಾರೋ ಹಾಗೆಯೇ ಬರೆದುಕೊಂಡಿದ್ದರು. ಅರ್ಜಿ ಇದ್ದದ್ದು ಒಂದೇ ಪ್ರತಿ, ಮರುದಿನವೇ ಕೊನೆಯ ದಿನ. ತಿದ್ದಿದ ಅರ್ಜಿ ತಿರಸ್ಕೃತ ಎಂಬ ಸೂಚನೆಯನ್ನು ನಾನು ಮೂರು ಸಲ ಓದಿದ್ದೆ.

"ಬುಡಿ ಬಾವ, ಒಂದಕ್ಸರ ಎಚ್ಚುಕಮ್ಮಿ ಆದ್ರೆ ಏನಾಯ್ತದೆ?" ಎಂದ ಅವಳಪ್ಪ. ಆ ಎಚ್ಚೇ ಕಮ್ಮಿಯಾಗಿ ಈ ಗತಿ ಬಂದಿತ್ತು.

ಹುಡುಗಿಯನ್ನು ಕರೆದುಕೊಂಡು ಕೋರ್ಟಿನ ಹತ್ತಿರ ಓಡಿದೆ. ಹಂಸವೇಣಿ, ಅಂಸವೇಣಿ ಎರಡೂ ಒಬ್ಬಳದೇ ಹೆಸರು ಎಂದು ಪ್ರಮಾಣಪತ್ರ ಟೈಪಾಯಿತು. ಪದವಿ ಎರಡು, ಕೋರ್ಸು ಒಂದು. ಹೆಸರು ಎರಡು, ಹುಡುಗಿ ಒಬ್ಬಳು. ನೋಟರಿ ಕನ್ನಡಕದ ಮೇಲಿಂದ ನೋಡಿ, "ಅರ್ಜಿ ತುಂಬ್ದೋರ್ ಯಾರವ್ವ?" ಎಂದರು.

"ನಮ್ಮಾವ. ಮೇಷ್ಟ್ರು."

"ಅದ್ಕೇ ಕಣವ್ವ" ಎಂದು ಮೊಹರು ಒತ್ತಿದರು.

ಮರುದಿನ ಮೈಸೂರಿನ ಗುಮಾಸ್ತರು ಕಾಗದಗಳನ್ನೆಲ್ಲ ತಿರುವಿಹಾಕಿ "ನೋಡೋಣ" ಎಂದರು. ಆ ಒಂದು ಮಾತು ನನ್ನ ದಿನಚರಿಯನ್ನೇ ಕೆಡಿಸಿತು. ಗಡಿಯಾರ ನೋಡಿ ಕಾಫಿ ಕುಡಿಯುವವನು ಕುಡಿದದ್ದು ಮರೆತು ಮತ್ತೆ ಕೇಳಿದೆ. ವಾಕಿಂಗಿಗೆ ಹೊರಟವನು ಸೇತುವೆ ದಾಟಿ ಎಷ್ಟೋ ದೂರ ಹೋಗಿಬಿಡುತ್ತಿದ್ದೆ. ಒಂದು ಹುಡುಗಿಯ ಬದುಕನ್ನು ನನ್ನ ಅಚ್ಚುಕಟ್ಟುತನವೇ ಹಾಳುಮಾಡಿದರೆ?

ಸೀಟು ಸಿಕ್ಕವರ ಪಟ್ಟಿ ಹಾಕಿದ ದಿನ ಇಬ್ಬರೂ ಹೋದೆವು. ಹೆಸರುಗಳು ಅಕ್ಷರಕ್ರಮದಲ್ಲಿದ್ದವು. ಎಚ್ ಸಾಲಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದೆ. ಇಲ್ಲ. ಅವಳ ಮುಖ ನೋಡಲು ಧೈರ್ಯವಾಗದೆ ನಾಲ್ಕನೆಯ ಸಲ ಶುರುಮಾಡಿದೆ.

"ಅಲ್ಲೇನ್ ಉಡುಕ್ತಿದ್ದೀರಿ ಮಾವ? ಮ್ಯಾಲ್ ನೋಡಿ, ಎ-ನಲ್ಲಿ ನಾನ್ ಅವ್ನಿ!"

ಕಚೇರಿಯೆಲ್ಲ ತಿರುಗಿ ನೋಡುವಂತೆ ಕೂಗಿಬಿಟ್ಟೆ: "ಅಂಸಾ!"

"ಹಂಸ, ಮಾವ" ಎಂದು ತಿದ್ದಿದಳು ನಮ್ಮ ವಕೀಲೆ.

ಗಂಟಲು ತುಂಬಿದಾಗ ಹಕಾರಕ್ಕೆ ಜಾಗವಿರುವುದಿಲ್ಲ. ಮೂವತ್ತು ವರ್ಷ ಬೆತ್ತ ತೋರಿಸಿದ ಮಕ್ಕಳ ಗಂಟಲಲ್ಲಿ ಏನೇನಿತ್ತೋ, ನಾನು ಕೇಳಿರಲಿಲ್ಲ.