ನಮಸ್ಕಾರಕ್ಕೂ ವಂದನೆಗಳಿಗೂ ನಡುವೆ

ಈ ಬುಧವಾರ ಮಾಡಿದ ಕೆಲಸಗಳು: ಕೊಟ್ಟಿಗೆ ಗುಡಿಸಿದೆ. ಇಡ್ಲಿ ಬೇಯಿಸಿದೆ. ಎರಡು ಬಕೆಟ್ ಬಟ್ಟೆ ಒಗೆದೆ. ಗ್ಯಾಸ್ ಬುಕ್ ಮಾಡಿದೆ. ಬಚ್ಚಲ ಒಲೆಯ ಎದುರು ನಿಂತು ಒಂದೇ ಭಾಷಣವನ್ನು ಆರು ಸಲ ಮಾಡಿದೆ.

ಆರನೇ ಸಲ ಚೆನ್ನಾಗಿಯೇ ಬಂತು. (ಒಲೆಗೆ ಕಣ್ಣಿಲ್ಲವಲ್ಲ.)

ಗ್ರಾಮಸಭೆಯಲ್ಲಿ ಹೇಳಬೇಕಾದದ್ದು ಇಷ್ಟೇ: ಪಕ್ಕದ ಮನೆಯ ಗುಲಾಬಿಯ ಹೆಸರು ಮನೆ ಮಂಜೂರಾತಿ ಪಟ್ಟಿಯಲ್ಲಿ ಬಿಟ್ಟುಹೋಗಿದೆ, ಸೇರಿಸಿ. ಅವಳಿಗೆ ಗಂಡ ಇಲ್ಲ. ಹೋದ ಮಳೆಗಾಲ ಗೋಡೆ ಕುಸಿದ ಮೇಲೆ ಅವಳೂ ಅತ್ತೆಯೂ ಟಾರ್ಪಲ್ ಕೆಳಗಿದ್ದಾರೆ. ಸಭೆ ಒಪ್ಪಿದ ಪಟ್ಟಿಯೇ ಹೊಸನಗರದ ತಾಲೂಕು ಪಂಚಾಯಿತಿಗೆ ಹೋಗುವುದು. ಆಮೇಲೆ ತಿದ್ದುವಂತಿಲ್ಲ.

"ಸರೋಜಕ್ಕ, ನೀವೇ ಹೇಳಿ. ಪೇಪರಲ್ಲಿ ಬರೆಯೋರು ನೀವು. ನಿಮ್ ಮಾತಿಗೆ ತೂಕ ಇರ್ತದೆ" ಅಂದಿದ್ದಳು.

ಆಗಲ್ಲ ಅನ್ನಬೇಕಿತ್ತು. ನಾಚಿಕೆಯಾಯಿತು. ವಾರವಾರ ಊರಿಗೆಲ್ಲ ಬುದ್ಧಿ ಹೇಳುವವಳಿಗೆ ನಾಲ್ಕು ಜನರೆದುರು ಮಾತು ಬರುವುದಿಲ್ಲ ಎಂದು ಹೇಗೆ ಹೇಳಲಿ?

ಹೊರಡುವಾಗ ಯಜಮಾನರು ನಕ್ಕರು. "ಎಂತ ಹೆದ್ರಿಕೆ ಮಾರಾಯ್ತಿ? ಅಲ್ಲಿರೋರೆಲ್ಲ ನಮ್ಮೂರೋರೇ."

"ಅದಕ್ಕೇ ಹೆದ್ರಿಕೆ."

ಅಪರಿಚಿತರಾದರೆ ನಾವು ತಡವರಿಸಿದ್ದನ್ನು ಮರೆಯುತ್ತಾರೆ. ನಮ್ಮೂರಿನವರು ಮುಂದಿನ ಮದುವೆಮನೆಯವರೆಗೂ ಹೊತ್ತು ತರುತ್ತಾರೆ.

ಮೊಬೈಲಿನಲ್ಲಿ ಓದಿದ ಟಿಪ್ಸ್ ಎಲ್ಲ ಪಾಲಿಸಿದ್ದೆ. ದೀರ್ಘ ಉಸಿರು, ಬಿಸಿನೀರು, ಕೈಯಲ್ಲೊಂದು ಚೀಟಿ. ಸಭೆಗೆ ಬಂದಿದ್ದ ಅಧಿಕಾರಿ ಪಟ್ಟಿ ಓದಿ, "ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದರು. ಗುಲಾಬಿ ಮೊಣಕೈಯಲ್ಲಿ ತಿವಿದಳು. ಎದ್ದೆ. ಮೈಕು ಕೈಗೆ ಬಂತು.

"ಎಲ್ಲರಿಗೂ ನಮಸ್ಕಾರ" ಅಂದೆ. ನನ್ನದೇ ಧ್ವನಿ ಸ್ಪೀಕರಿನಿಂದ ಯಾರದ್ದೋ ಎಂಬಂತೆ ತಿರುಗಿ ಬಂತು. ಚೀಟಿ ಬಿಡಿಸಿದೆ. ಅಕ್ಷರಗಳು ಕಂಡವು, ಓದಲಾಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಬಾಯಿಗೆ ಬಂದದ್ದು ಭಾಷಣದ ಕಟ್ಟಕಡೆಯ ಸಾಲು: "ಅವಕಾಶ ಕೊಟ್ಟಿದ್ದಕ್ಕೆ ವಂದನೆಗಳು."

ಕೂತುಬಿಟ್ಟೆ. ಚಪ್ಪಾಳೆ ಬಿತ್ತು!

"ಹೀಗಿರ್ಬೇಕು ನೋಡಿ ಭಾಷಣ, ಯಾರಿಗೂ ತೊಂದ್ರೆ ಇಲ್ಲ" ಎಂದರು ಅಧ್ಯಕ್ಷರು. ಎಲ್ಲ ನಕ್ಕರು. ಗುಲಾಬಿ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಾಗ ಪಟ್ಟಿ ಸರ್ವಾನುಮತದಿಂದ ಪಾಸಾಯಿತು. ಒಳಗೆ ಬರುವಾಗಲೇ ಸಭೆಯ ನಡಾವಳಿ ಪುಸ್ತಕಕ್ಕೆ ಎಲ್ಲರ ಸಹಿ ಆಗಿತ್ತು. (ನಮ್ಮಲ್ಲಿ ಅದೇ ರೂಢಿ. ಸಹಿ ಮೊದಲು, ಸಭೆ ಆಮೇಲೆ.) ಅವಳ ಹೆಸರಿಲ್ಲದ ಪಟ್ಟಿಗೆ ಈಗ ಅವಳ ಸಹಿಯೂ ಇದೆ.

ಹೊರಗೆ ಓಡಿ ಅಧಿಕಾರಿಯನ್ನು ಹಿಡಿದೆ. ಅಲ್ಲಿ ಮಾತು ಸಲೀಸಾಗಿ ಬಂತು! "ಸಭೇಲೇ ಹೇಳ್ಬೇಕಿತ್ತಲ್ಲ ಮೇಡಂ. ಇನ್ನು ಮುಂದಿನ ಪಟ್ಟಿಗೆ ನೋಡೋಣ" ಎಂದು ಜೀಪು ಹತ್ತಿದರು.

ವಾಪಸು ಬರುವಾಗ ಗುಲಾಬಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನೀವು ಆಗಲ್ಲ ಅಂದಿದ್ರೆ ನಾನೇ ಹೇಳ್ತಿದ್ದೆ ಅಕ್ಕ" ಎಂದಳು. "ನಂಗೂ ಹೆದ್ರಿಕೆನೇ. ಆದ್ರೆ ಬಿದ್ದ ಗೋಡೆ ನಂದಲ್ವಾ?"

ರಾತ್ರಿ ಅನ್ನ, ಬಸಳೆ ಹುಳಿ. ನಾನು ಎರಡು ತುತ್ತು ತಿಂದೆ. ಯಜಮಾನರು ಮೊದಲು ಮಲಗಿದರು.

ಹೆದರಿದವಳು ನಾನು, ಟಾರ್ಪಲ್ ಕೆಳಗೆ ಇನ್ನೊಂದು ಮಳೆಗಾಲ ಅನುಭವಿಸಬೇಕಾದವರು ಅವರಿಬ್ಬರೇಕೆ?